ಕಂಡಕ್ಟರ್ ಕಂಬಿ ಹಿಡಿಯುವುದಿಲ್ಲ

ನಮ್ಮ ಮಾವ ನೀರು ಕುಡಿಯುತ್ತಿಲ್ಲ ಎಂದು ನಮಗೆ ಗೊತ್ತಾದದ್ದು ಕರಿಬೇವಿನ ಗಿಡದಿಂದ. ಅವರ ಕೋಣೆಯ ಕಿಟಕಿಯ ಹೊರಗೆ ವರ್ಷಗಟ್ಟಲೆ ಕಡ್ಡಿಯಾಗಿ ನಿಂತಿದ್ದ ಗಿಡ, ನಡುಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಕೊಬ್ಬಿ ಚಿಗುರಿತು. ಅತ್ತೆಗೆ ಸಂತೋಷವೋ ಸಂತೋಷ. ಆಮೇಲೆ ಒಂದು ಮಧ್ಯಾಹ್ನ ಅವರೇ ಕಂಡರು: ಮಾವ ಮಂಚದಲ್ಲಿ ಕೂತು, ನಾವು ಕೊಟ್ಟ ಚೆಂಬಿನ ನೀರನ್ನು ಕಿಟಕಿಯ ಸರಳುಗಳ ನಡುವೆ ಹೊರಗೆ ಬಿಡುತ್ತಿದ್ದಾರೆ. ಶಬ್ದ ಆಗಬಾರದೆಂದು ಗೋಡೆಗೆ ತಾಗಿಸಿ, ಮೆಲ್ಲಗೆ.

ಅಷ್ಟರಲ್ಲಿ ಅವರು ಎರಡು ಸಲ ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರು. ಮೂತ್ರದ ಸೋಂಕು, ಚಳಿಜ್ವರ. ಎರಡನೇ ಸಲ ಅವರಿಗೆ ನಮ್ಮ ಗುರುತೇ ಸಿಗಲಿಲ್ಲ. ಹೀಗೇ ನೀರು ಕುಡಿಯದೆ ಇದ್ದರೆ ಕಿಡ್ನಿ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಮಾವನನ್ನು ಕೇಳಿದರೆ "ಬಾಯಾರಿಕೆ ಆಗುದಿಲ್ಲ ಮಗಾ" ಎಂಬ ಒಂದೇ ಉತ್ತರ. ನಿಜವಾದ ಕಾರಣ ಅತ್ತೆ ಹೇಳಿದರು.

"ಕುಡಿದ್ರೆ ಹೋಗ್ಬೇಕಲ್ಲ. ಹೋಗ್ಲಿಕ್ಕೆ ನಿನ್ನ ಕೈ ಹಿಡೀಬೇಕು. ಸೊಸೆ ಹತ್ರ ಅದಕ್ಕೆಲ್ಲ ಹೇಳುದು ಹೇಗೆ? ನಾಚಿಕೆ ಅವರಿಗೆ."

ಗ್ಲಾಕೋಮಾದಿಂದ ಮಾವನ ಎರಡೂ ಕಣ್ಣು ಹೋಗಿತ್ತು. ಅತ್ತೆಯ ಮೊಣಕಾಲು ಅತ್ತೆಯ ಭಾರವನ್ನೇ ಹೊರುವುದಿಲ್ಲ. ನನ್ನ ಗಂಡ ಬೆಳಿಗ್ಗೆ ಸುಳ್ಯಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಹಗಲಿಗೆ ಉಳಿದವಳು ಮನೆಯಲ್ಲೇ ಕೂತು ಕೆಲಸ ಮಾಡುವ ನಾನು. ನನಗೆ ಪಾಪ ಅನ್ನಿಸುವ ಮೊದಲು ಸಿಟ್ಟು ಬಂತು. ಸೊಸೆ ಅಲ್ಲ, ಮಗಳು ಅಂತ ಊರಿಗೆಲ್ಲ ಡಂಗುರ ಹೊಡೆದ ಮನುಷ್ಯ, ಇಷ್ಟಕ್ಕೆ ನಾಚುವುದಾ? ಸಿಟ್ಟು ಇಳಿದ ಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ನನಗೆ ಯಾವಾಗಲೂ ಇದೇ ಕ್ರಮ, ಮೊದಲು ಬೈಗುಳ, ಆಮೇಲೆ ಅಳು.

ನನ್ನ ಕೆಲಸ ಮನೆ, ಅಂಗಡಿಗಳ ಒಳಾಂಗಣ ವಿನ್ಯಾಸ. ಕಲಿಯುವಾಗ ನಮ್ಮ ಮೇಡಂ ಒಬ್ಬರು ಪೆನ್ಸಿಲ್ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ಆ ಜಾಗ ಎಂಥದ್ದು ಎಂದು ಒಂದು ವಾಕ್ಯ ಹೇಳಬೇಕು. ಅಂಗಡಿ ಎಂದರೆ ಜಗಲಿ. ತರಗತಿ ಎಂದರೆ ಅಡಿಗೆಮನೆ. ಒಂದನ್ನು ಇನ್ನೊಂದರ ಮೂಲಕ ಯೋಚಿಸುವುದು. ಪುಸ್ತಕದ ಭಾಷೆಯಲ್ಲಿ ಇದು ಪರಿಕಲ್ಪನಾ ರೂಪಕ. ಹೆಸರು ಕೇಳಿ ಹೆದರುವುದು ಬೇಡ, ಅದು ಚಂದಕ್ಕೆ ಇಟ್ಟ ಮಾತಲ್ಲ, ಕೆಲಸಕ್ಕೆ ಬರುವ ಸಲಕರಣೆ. ಅಂಗಡಿಯನ್ನು ಜಗಲಿ ಎಂದುಬಿಟ್ಟರೆ ಚಪ್ಪಲಿ ಎಲ್ಲಿ ಬಿಡುವುದು, ಬಂದವರು ಎಲ್ಲಿ ಕೂರುವುದು, ಯಾರು ಎದ್ದು ಬಂದು ಮಾತಾಡಿಸುವುದು, ಎಲ್ಲ ಒಂದೊಂದಾಗಿ ತೀರ್ಮಾನ ಆಗುತ್ತ ಹೋಗುತ್ತದೆ. ಈಶ್ವರಮಂಗಲದಲ್ಲಿ ಗಲ್ಫಿನಿಂದ ಮರಳಿದ ಒಬ್ಬರಿಗೆ ಬಟ್ಟೆ ಅಂಗಡಿ ಮಾಡಿಕೊಟ್ಟಾಗ, ಹೆಂಗಸರು ಆರಾಮ ಕೂರುವ ಹಾಗೆ ಜಗಲಿಯನ್ನೇ ಕಟ್ಟಿಸಿದ್ದೆ. ಈಗ ಅಂಗಡಿಯವರದ್ದು ದೂರು: "ಎಂತ ಮಾರಾಯ್ರೆ, ಬಂದವರು ಏಳುದೇ ಇಲ್ಲ!"

ಇಷ್ಟು ಜಂಬದವಳು ಸ್ವಂತ ಮನೆಯಲ್ಲಿ ಮಾಡಿದ್ದೆಂತ? ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿದೆ, ಮಂಚದ ಹತ್ತಿರ ಕರೆಗಂಟೆ ಇಟ್ಟೆ. ಮಾವ ತಣ್ಣಗಿನ ಸ್ಟೀಲನ್ನು ಮುಟ್ಟಿ ನೋಡಿದರು. "ಇದು ಆಸ್ಪತ್ರೆಯದ್ದಲ್ವಾ?" ಎಂದು ಕೈ ತೆಗೆದರು, ಮತ್ತೆ ಮುಟ್ಟಲಿಲ್ಲ. ನಾನು ವಾಕ್ಯ ಹೇಳಿರಲಿಲ್ಲ ಅಷ್ಟೇ, ಆದರೂ ಅವರ ಬೆರಳು ಅದನ್ನು ಓದಿಬಿಟ್ಟಿತು: ಈ ಮನೆ ಆಸ್ಪತ್ರೆ, ನೀವು ರೋಗಿ. ಗಿರಾಕಿಗಳ ಮನೆಯಲ್ಲಿ ಇಂಥದ್ದು ಕಂಡಿದ್ದರೆ ನಾನು ಒಂದು ಗಂಟೆ ಭಾಷಣ ಬಿಗಿಯುತ್ತಿದ್ದೆ.

ಮಾವ ಇಡೀ ಜೀವನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಪುತ್ತೂರಿನಿಂದ ಹೊರಟು ಉಪ್ಪಿನಂಗಡಿ, ರಾಮಕುಂಜ, ಆಲಂಕಾರು ದಾಟಿ ಕಡಬಕ್ಕೆ, ಅಲ್ಲಿಂದ ವಾಪಸು. ಮಂಕಾಗಿ ಕೂತವರು ಬಸ್ಸಿನ ಸುದ್ದಿ ತೆಗೆದರೆ ಮಾತ್ರ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ರಾಮಕುಂಜದಲ್ಲಿ ಶಾಲೆ ಬಿಟ್ಟ ಮಕ್ಕಳು ನುಗ್ಗಿದರೆ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ, ಅದರ ನಡುವೆ "ದುಂಬು ಪೋಲೆ, ದುಂಬು ಪೋಲೆ" ಎಂದು ಎಲ್ಲರನ್ನು ಮುಂದೆ ತಳ್ಳುತ್ತ ಇವರು ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗುತ್ತಿದ್ದರಂತೆ. ಒಂದು ದಿನ ಇದನ್ನು ಕೇಳುತ್ತಿದ್ದಾಗ ನನ್ನ ತಲೆಯಲ್ಲಿ ವಾಕ್ಯ ಬಂತು. ಈ ಮನೆ ಬಸ್ಸು! ಅವರ ಕೋಣೆ, ಉದ್ದದ ಚಾವಡಿ, ಬದಿಗೆ ಅಡಿಗೆಮನೆ, ಕೊನೆಗೆ ಬಚ್ಚಲು. ಥೇಟ್ ಬಸ್ಸೇ.

ಮರುವಾರವೇ ವೆಲ್ಡಿಂಗಿನವರನ್ನು ಕರೆಸಿ, ಕೋಣೆಯಿಂದ ಬಚ್ಚಲಿನವರೆಗೆ ತಲೆಯ ಮೇಲೆ ಬಸ್ಸಿನಂಥ ಕಂಬಿ ಹಾಕಿಸಿದೆ. ಅಡಿಗೆಮನೆ ಬಂತೆಂದು ಕೈಗೆ ಗೊತ್ತಾಗಲು ಅಲ್ಲಿ ಕಂಬಿಗೆ ಒಂದು ಬಳೆ ಬೆಸುಗೆ ಹಾಕಿಸಿದೆ. ಮಾವನನ್ನು ಕರೆತಂದು "ಕೈ ಎತ್ತಿ ಮಾವ" ಎಂದೆ. ಅವರು ಹಿಡಿದರು, ಬೆರಳಲ್ಲಿ ಟಣ್ ಟಣ್ ಬಡಿದರು, ನಕ್ಕರು. ನಾನು ಕುಣಿಯುವುದೊಂದು ಬಾಕಿ. ಆದರೆ ಅವರು ಅಲ್ಲಿಂದ ಒಂದು ಹೆಜ್ಜೆ ಇಡಲಿಲ್ಲ.

"ಕಂಬಿ ಲಾಯ್ಕುಂಟು ಮಗಾ. ಆದ್ರೆ ಕಂಬಿ ಹಿಡಿಯುದು ಪ್ಯಾಸೆಂಜರ್. ಕಂಡಕ್ಟರ್ ಯಾವಾಗ ಕಂಬಿ ಹಿಡಿತಾನೆ?"

"ಮತ್ತೆಂತ ಹಿಡಿತಾನೆ?" ನನಗೆ ರೇಗಿತು.

"ಎಂತದೂ ಇಲ್ಲ. ಒಂದು ಕೈಲಿ ಟಿಕೆಟು, ಒಂದು ಕೈಲಿ ಚಿಲ್ಲರೆ. ಸೊಂಟ ಸೀಟಿಗೆ ಕೊಡುದು, ಅಷ್ಟೇ."

ಊಟದ ಮೇಜಿನ ಕುರ್ಚಿಯನ್ನು ತಡವಿ ಹುಡುಕಿ, ಅದರ ಬೆನ್ನಿಗೆ ಸೊಂಟ ಒರಗಿಸಿ, ಕಾಲು ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು ನಿಂತರು. ಎರಡೂ ಕೈ ಖಾಲಿ. ಈ ಕುರ್ಚಿಯಿಂದ ಮುಂದಿನ ಕುರ್ಚಿಗೆ ಸೊಂಟದಲ್ಲೇ ದಾಟಿದರು. ಮನೆ ನಿಂತಿತ್ತು, ಅವರೊಬ್ಬರೇ ತಿರುವಿನಲ್ಲಿ ವಾಲುತ್ತಿದ್ದರು. ಅತ್ತೆ ಅಡಿಗೆಮನೆಯಿಂದ "ಬೀಳ್ತೀರಿ, ಬೀಳ್ತೀರಿ" ಎಂದು ಕೂಗಿದರು.

"ಆಲಂಕಾರಿನ ತಿರುವಲ್ಲಿ ಬೀಳದವ ನಿನ್ನ ಚಾವಡಿಯಲ್ಲಿ ಬೀಳ್ತೇನಾ? ಸುಮ್ನಿರು ಮಾರಾಯ್ತಿ!"

ಆಗ ನನಗೆ ತಿಳಿಯಿತು. ಬಸ್ಸು ಸರಿಯೇ ಇತ್ತು. ಆ ಬಸ್ಸಿನಲ್ಲಿ ಮಾವ ಯಾರು ಎಂದು ನಾನು ಕೇಳಿರಲಿಲ್ಲ. ಕೈ ಹಿಡಿಸಿಕೊಂಡು ಹೋಗುವವರನ್ನು ಕಂಬಿ ಹಿಡಿದು ಹೋಗುವವರಾಗಿ ಮಾಡಿದ್ದೆ, ಹೆಚ್ಚಿನದೇನೂ ಅಲ್ಲ. ಅವರಿಗೆ ಬೇಕಾದದ್ದು ಒರಗಲಿಕ್ಕೆ ಒಂದು ಅಂಚು ಮತ್ತು ಖಾಲಿ ಕೈ.

ಅತ್ತೆ ಚಾಕ್‌ಪೀಸಿನಲ್ಲಿ ಗೋಡೆಗೆ ಅವರ ಸೊಂಟದ ಎತ್ತರ ಗುರುತು ಹಾಕಿಕೊಟ್ಟರು. ಚಾವಡಿಯ ಎರಡೂ ಬದಿಗೆ, ಆ ಎತ್ತರಕ್ಕೆ ಸರಿಯಾಗಿ ಕುರ್ಚಿಗಳ ಬೆನ್ನು, ಪುಸ್ತಕದ ಕಪಾಟು, ಹೊಲಿಗೆ ಮೇಜು, ಎಲ್ಲವನ್ನೂ ಸಾಲಾಗಿ ನೆಲಕ್ಕೆ ಬಿಗಿಸಿದೆವು. ಅಂಚುಗಳಿಗೆಲ್ಲ ಬಸ್ಸಿನ ಸೀಟಿನ ಹಾಗೆ ದಪ್ಪ ರೆಕ್ಸಿನ್. ಬಚ್ಚಲ ಒಳಗೂ ಸ್ಟೀಲು ತೆಗೆಸಿ ಅದೇ ಎತ್ತರಕ್ಕೆ ಮರದ ಪಟ್ಟಿ ಹಾಕಿಸಿದೆ. ಗಂಡ ಬಂದು ನೋಡಿ "ಟಿಕೆಟ್ ತಗೊಂಡೇ ಒಳಗೆ ಬರ್ಬೇಕಾ?" ಎಂದು ಕೇಳಿದ. ಮೇಲಿನ ಕಂಬಿ ವ್ಯರ್ಥ ಆಗಲಿಲ್ಲ, ಮಳೆಗಾಲದಲ್ಲಿ ಅತ್ತೆ ಬಟ್ಟೆ ಒಣಗಿಸಿದರು.

ಆದರೆ ಮೊದಲ ಕೆಲವು ದಿನ ಮಾವ ತಾವಾಗಿ ಕೋಣೆಯಿಂದ ಹೊರಬರಲೇ ಇಲ್ಲ. ಕರಿಬೇವಿನ ಬುಡ ಒದ್ದೆಯಾಗಿಯೇ ಇತ್ತು. ನಾನು ಸೋತೆ ಎಂದುಕೊಂಡೆ. ಇನ್ನೊಂದು ಜ್ವರ ಬಂದರೆ ಎಂಬ ಹೆದರಿಕೆಯಲ್ಲಿ ಅನ್ನ ಸೇರುತ್ತಿರಲಿಲ್ಲ.

ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಚಾವಡಿಯ ಮೂಲೆಯಲ್ಲಿ ನಕ್ಷೆ ಬಿಡಿಸುತ್ತಿದ್ದೆ. ಬೆನ್ನ ಹಿಂದೆ ರೆಕ್ಸಿನ್‌ಗೆ ಏನೋ ಉಜ್ಜಿದ ಸದ್ದು. ಒಂದು, ಆಮೇಲೆ ಇನ್ನೊಂದು. ನಾನು ತಿರುಗಲಿಲ್ಲ, ಉಸಿರು ಬಿಟ್ಟರೂ ನಿಂತುಬಿಡುತ್ತಾರೆ ಎಂದು ಭಯ. ಸದ್ದು ನನ್ನನ್ನು ದಾಟಿ ಹೋಯಿತು. ಬಚ್ಚಲ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು. ಎಷ್ಟೋ ತಿಂಗಳಿಂದ ನಮ್ಮ ಮಾವ ಹಾಕದ ಚಿಲಕ ಅದು. ಅರೆ ತೆರೆದ ಬಾಗಿಲಿನ ಹೊರಗೆ ನಾನು ನಿಂತಿರುತ್ತಿದ್ದೆನಲ್ಲ.

ಬಂದವರು ಕೋಣೆಗೆ ಹೋಗಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಸೊಂಟ ಒರಗಿಸಿ ನಿಂತು, ಎರಡೂ ಕೈ ಮುಂದೆ ಚಾಚಿ, "ನೀರುಂಟಾ?" ಎಂದರು. ಅತ್ತೆ ಚೆಂಬು ತುಂಬಿಸಿ ಕೊಟ್ಟರು. ಮಾವ ಅದನ್ನು ಎತ್ತಿ ಹಿಡಿದು ಗಟಗಟ ಕುಡಿದರು. ಅರ್ಧ ಬಾಯಿಗೆ, ಅರ್ಧ ಬನಿಯನಿಗೆ. ಖಾಲಿ ಚೆಂಬನ್ನು ಮತ್ತೆ ಮುಂದೆ ಹಿಡಿದರು.

"ಇನ್ನೊಂದು ಕೊಡು. ಎಷ್ಟು ದಿನದ ಬಾಯಾರಿಕೆ ಗೊತ್ತುಂಟಾ."

ನಾನು ಓಡಿ ಹೋಗಿ ಚೆಂಬು ತೆಗೆದುಕೊಂಡೆ. ಅಂಚಿನವರೆಗೆ ತುಂಬಿಸಿ ಅವರ ಎರಡೂ ಕೈಗೆ ಕೊಟ್ಟೆ.