ಮುರಿದ ಕೂದಲು, ಉದುರಿದ ಕೂದಲು

ಬಾಚಣಿಕೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಲೋಕದಲ್ಲಿ ಎರಡು ಉತ್ತರಗಳಿವೆ. ನನ್ನಂಥವರು ಅದನ್ನು ಕಿಟಕಿಯಿಂದ ಹೊರಗೆ ಬಿಸಾಡಿ, ಅದು ಗಾಳಿಗೆ ತಿರುಗಿ ಒಳಗೇ ಬಂದು ಸಾರಿನ ಬೋಗುಣಿಯಲ್ಲಿ ಪ್ರತ್ಯಕ್ಷವಾದಾಗ, ಆ ಕೂದಲಿಗೂ ತಮಗೂ ಯಾವ ಜನ್ಮದ ನಂಟೂ ಇಲ್ಲವೆಂಬಂತೆ ಮುಖ ಮಾಡುತ್ತಾರೆ. ನನ್ನ ಅತ್ತೆಯವರಂಥವರು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಾರೆ. ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ ಈ ಎರಡು ಪಂಥಗಳೂ ಇಪ್ಪತ್ತು ವರ್ಷಗಳಿಂದ ಜಗಳವಿಲ್ಲದೆ ಬಾಳಿಕೊಂಡು ಬಂದಿವೆ. ನಾನು ಬಿಸಾಡಿದ್ದನ್ನು ಅವರು ಹೆಕ್ಕಿಕೊಳ್ಳುತ್ತಾರೆ, ಅಷ್ಟೆ.

ಡಬ್ಬಿ ತುಂಬುವ ಹೊತ್ತಿಗೆ ದುರ್ಗವ್ವ ಬರುತ್ತಾಳೆ. ಆಲಮೇಲದ ಕಡೆಯವಳು. ತಲೆಯ ಮೇಲೆ ಸ್ಟೀಲಿನ ಪಾತ್ರೆಗಳ ಬುಟ್ಟಿ, ಹೆಗಲಿಗೆ ಕೂದಲು ತುಂಬುವ ಚೀಲ. ಓಣಿ ಓಣಿ ತಿರುಗಿ, ಹೆಂಗಸರು ಕೂಡಿಟ್ಟ ಕೂದಲನ್ನು ಕೈಯಲ್ಲಿ ತೂಗಿ, ಎಳೆದು ಉದ್ದ ನೋಡಿ, ಬದಲಿಗೆ ಪಿನ್ನೋ ರಿಬ್ಬನ್ನೋ ಸಣ್ಣ ಬಟ್ಟಲೋ ಕೊಟ್ಟು ಹೋಗುತ್ತಾಳೆ. ಹಾಗೆ ಕೂಡಿಸಿದ್ದನ್ನು ಚೌರಿ ಮತ್ತು ವಿಗ್ಗು ಮಾಡಿಸುವ ವ್ಯಾಪಾರಿಗಳಿಗೆ ಮಾರುವುದು ಅವಳ ಉಪಜೀವನ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಅವಳ ವ್ಯಾಪಾರದ ಬಗ್ಗೆ ವಿಶೇಷ ಗೌರವವೇನೂ ಇರಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಳ್ಳದೆ ಮುಂದಿನ ಕಥೆ ಹೇಳುವುದು ಅಪ್ರಾಮಾಣಿಕವಾಗುತ್ತದೆ.

ಅನರ್ಥಕ್ಕೆ ಮೂಲ ಒಂದು ಫೋಟೋ. ಶಾಲೆಯ ಸಮಾರಂಭದಲ್ಲಿ ನಾನು ಬಹುಮಾನ ಕೊಡುತ್ತಿರುವಾಗ ಯಾರೋ ಹಿಂದಿನಿಂದ ತೆಗೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಎಲ್ಲರೂ ಬಹುಮಾನ ಪಡೆದ ಹುಡುಗಿಯನ್ನು ನೋಡಿ ಮೆಚ್ಚಿದರು. ನಾನು ಮಾತ್ರ ನನ್ನ ನೆತ್ತಿಯನ್ನು ನೋಡಿದೆ. ಅಲ್ಲಿ ಸುಗ್ಗಿ ಮುಗಿದ ಜೋಳದ ಹೊಲದ ಹಾಗೆ ನೆಲ ಕಾಣುತ್ತಿತ್ತು. ಮದುವೆಯಾಗಿ ಬಾಗೇವಾಡಿಯಿಂದ ಈ ಮನೆಗೆ ಬಂದಾಗ ನನ್ನ ಜಡೆಯನ್ನು ನೋಡಲೆಂದೇ ಓಣಿಯ ಹೆಂಗಸರು ಬಂದಿದ್ದರು. ರೂಪದಲ್ಲಿ ಸಾಧಾರಣಳಾದ ನನಗೆ ದೇವರು ಕೊಟ್ಟ ಏಕೈಕ ಅಲಂಕಾರ ಅದು. ಅದೂ ಹೋದರೆ ಉಳಿಯುವುದು ವ್ಯಾಕರಣ ಮಾತ್ರ ಎಂದು ಹೆದರಿದೆ.

ಅಂದಿನಿಂದ ಬಚ್ಚಲ ಗೂಡಿನಲ್ಲಿ ಬಾಟಲಿಗಳ ವಂಶ ಬೆಳೆಯಿತು. ಉದುರುವಿಕೆ ತಡೆಯುವ ಶ್ಯಾಂಪೂ, ಶ್ಯಾಂಪೂವಿನಿಂದಾದ ಒರಟುತನ ಕಳೆಯುವ ಕಂಡೀಷನರ್, ಕಂಡೀಷನರಿನಿಂದಾದ ಜಿಡ್ಡಿಗೆ ಮತ್ತೊಂದು ಶ್ಯಾಂಪೂ, ಉಳ್ಳಾಗಡ್ಡಿಯ ಎಣ್ಣೆ, ಹನಿ ಹನಿಯಾಗಿ ಹಾಕಬೇಕಾದ ಸೀರಮ್ಮು, ನರೆಗೆ ಬಣ್ಣ, ಬಣ್ಣಕ್ಕೆ ರಕ್ಷಣೆ. ಮುಖವೇಕೆ ಬಡವಾಗಬೇಕೆಂದು ಅದಕ್ಕೂ ಎರಡು ಕ್ರೀಮು. ಕೊನೆಗೆ ಅಕ್ಕನ ಮಗಳ ಮದುವೆ ಬಂದಾಗ ವಿಜಯಪುರದ ಪಾರ್ಲರೊಂದರಲ್ಲಿ ಅರ್ಧ ದಿನ ಕೂತು, ಹೊಗೆಯಾಡುವ ಇಕ್ಕಳದಿಂದ ಕೂದಲನ್ನು ನೆಟ್ಟಗೆ ಮಾಡಿಸಿಕೊಂಡು ಬಂದೆ. ಕೇಶಕ್ಕೂ ಕ್ಲೇಶಕ್ಕೂ ನಡುವೆ ಇರುವುದು ಒಂದೇ ಒಂದು ಒತ್ತಕ್ಷರವೆಂದು ಮಕ್ಕಳಿಗೆ ಕಲಿಸಬೇಕಾದವಳು, ಆ ಒತ್ತಕ್ಷರಕ್ಕೆ ಸಂಬಳದ ದೊಡ್ಡ ಪಾಲನ್ನೇ ತೆರುತ್ತಿದ್ದೆ.

ನಿಂಬೆಯ ತೋಟ ನೋಡಿಕೊಳ್ಳುವ ನನ್ನ ಗಂಡ ಮಿತಭಾಷಿ. ಅವರೂ ಒಮ್ಮೆ ಬಚ್ಚಲಿನಿಂದ ಹೊರಬಂದವರು, "ಅಲ್ಲ, ನಮ್ಮ ನಿಂಬಿ ಗಿಡಕ್ಕೂ ಇಷ್ಟ ಔಷಧ ಹೊಡೆದಿಲ್ಲ ನೋಡು. ಅವೇ ಚಲೋ ಅದಾವು," ಎಂದರು. ನಾನು ಎರಡು ದಿನ ಮಾತು ಬಿಟ್ಟೆ.

ಆದರೆ ಅವರು ಹೇಳದೆ ಬಿಟ್ಟ ಮಾತೊಂದಿತ್ತು. ಅತ್ತೆಯವರ ಕನ್ನಡಕದ ಮಾತು. ಅವರ ದೃಷ್ಟಿ ಮಂಜಾಗಿತ್ತು. ಡಾಕ್ಟರು ಬೇರೆ ಕನ್ನಡಕ ಬರೆದುಕೊಟ್ಟು ಆರು ತಿಂಗಳಾಗಿತ್ತು. ಗಂಡ ದುಡ್ಡು ಕೊಡಲು ಬಂದಾಗ, "ಅತ್ತಿಯವ್ರದು ನಾ ಮಾಡಸ್ತೇನಿ" ಎಂದು ದೊಡ್ಡಸ್ತಿಕೆಯಿಂದ ಹೇಳಿದವಳು ನಾನೇ. ಪ್ರತಿ ತಿಂಗಳೂ, "ಮುಂದಿನ ಪಗಾರಕ್ಕ ಖಂಡಿತ" ಎನ್ನುತ್ತಿದ್ದೆ. ಅವರು, "ಅವಸರೇನಿಲ್ಲವ್ವ, ನನಗೇನು ಪೇಪರ್ ಓದೂದೈತೇನ?" ಎನ್ನುತ್ತಿದ್ದರು. ಅವರಿಗೆ ಅವಸರವಿಲ್ಲ, ನನ್ನ ನೆತ್ತಿಗೆ ಇದೆ, ನ್ಯಾಯ ಸರಳವಾಗಿತ್ತು.

ಅಕ್ಕನ ಮಗಳ ಮದುವೆ ಮುಗಿದು ಎರಡು ತಿಂಗಳಿಗೆ ಬಾಚಣಿಕೆಯ ತುಂಬ ಕೂದಲು ಬರತೊಡಗಿತು. ಡಬ್ಬಿ ಹದಿನೈದು ದಿನಕ್ಕೇ ತುಂಬಿತು. ಒಂದು ರವಿವಾರ ಬೆಳಿಗ್ಗೆ ದುರ್ಗವ್ವ ಬಂದು ಕಟ್ಟೆಯ ಮೇಲೆ ಕೂತಳು. ಅತ್ತೆಯವರು ಡಬ್ಬಿ ಸುರಿದರು. ನಾನು ತಲೆಗೆ ಯಾವುದೋ ಲೇಪ ಮೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದೆ. ಅವಳು ಒಂದು ಉಂಡೆ ಬಿಡಿಸಿದಳು, ಇನ್ನೊಂದು ಬಿಡಿಸಿದಳು, ಒಂದೆಳೆಯನ್ನು ಬೆಳಕಿಗೆ ಹಿಡಿದಳು. ಚೀಲಕ್ಕೆ ಹಾಕಿಕೊಳ್ಳಲಿಲ್ಲ.

"ಅಕ್ಕಾರ, ಇವು ನಿಮ್ಮ ಕೂದ್ಲ ಏನ್ರಿ?"

"ಹೌದು. ಯಾಕ, ಬ್ಯಾಡೇನು?"

"ಬ್ಯಾಡ ಅನ್ನಾಕ ಅಲ್ರಿ, ಇಂಥಾವೂ ಮಾರತಾವು. ಇವು ಉದುರಿದ ಕೂದ್ಲ ಅಲ್ಲ. ಮುರಿದ ಕೂದ್ಲ."

ಇಷ್ಟು ಹೇಳಿ, ಸೆರಗು ಸರಿಸಿ, ತನ್ನ ತಲೆಯಿಂದಲೇ ಒಂದೆಳೆ ಕಿತ್ತು ನನ್ನ ಅಂಗೈಯಲ್ಲಿಟ್ಟಳು. "ತುದಿ ನೋಡ್ರಿ. ಗಸಗಸಿ ಕಾಳಿನಂಗ ಬೆಳ್ಳಗ ಬೇರು ಐತಿ, ಹೌದಿಲ್ರಿ? ತಾನಾಗೆ ಉದುರಿದ್ದಕ್ಕೂ ಇಂಥಾ ಬೇರು ಇರತೈತಿ. ಅದು ಹ್ವಾದ್ರ ಜಾಗಾದಾಗ ಮತ್ತೊಂದು ಬರತೈತಿ. ನಿಮ್ಮದು ನೋಡ್ರಿ, ಎಲ್ಲಾ ಗೇಣುದ್ದ, ಒಂದಕ್ಕೂ ಬೇರಿಲ್ಲ. ನಡುವ ಸುಟ್ಟು ಮುರದಾವು. ಏನ ಹಚ್ಚಾಕತ್ತೇರಿ?"

ನಾನು ಹಚ್ಚುತ್ತಿದ್ದ ಪದಾರ್ಥಗಳ ಹೆಸರುಗಳನ್ನು ಹೇಳಿದೆ. ಹೇಳುತ್ತ ಹೋದಂತೆ ನನಗೇ ಅದು ಸಹಸ್ರನಾಮದಂತೆ ಕೇಳಿಸಿ ನಾಚಿಕೆಯಾಯಿತು. ಇಕ್ಕಳದ ಸಂಗತಿ ಬಂದಾಗ ಅವಳು ಹಣೆ ಬಡಿದುಕೊಂಡಳು.

"ಎಲ್ಲಾ ಬಿಡ್ರಿ. ವಾರಕ್ಕೆರಡು ಸಲ ತಲಿ ತೊಳಕೋರಿ, ಒಂದೀಟ ಕೊಬ್ರಿ ಎಣ್ಣಿ ಹಚ್ಚಿ ಸಡ್ಲ ಜಡಿ ಹಾಕ್ರಿ. ಅದರ ಪಾಡಿಗೆ ಅದನ್ನ ಬಿಡ್ರಿ. ನಾ ಮತ್ತ ಬಂದಾಗ ನೋಡ್ತೇನಿ."

ಅಂದು ನನಗೆ ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ಎಂ.ಎ. ಓದಿದವಳ ತಲೆಯನ್ನು, ಅಕ್ಷರ ಬಾರದ ಹೆಂಗಸು, ಅದೂ ಅತ್ತೆಯ ಎದುರಿಗೆ, ಪರೀಕ್ಷೆ ಮಾಡಿ ನಪಾಸು ಮಾಡಿದ್ದಳು. ಒಳಗೆ ಹೋಗಿ ಬಾಚಣಿಕೆಯ ಕೂದಲನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ, ಅವಳ ಮಾತು ಸುಳ್ಳೆಂದು ಸಾಧಿಸಲಿಕ್ಕೆ. ಹತ್ತು ಎಳೆ ನೋಡಿದೆ, ಇಪ್ಪತ್ತು ನೋಡಿದೆ. ಬೇರಿದ್ದವು ಎರಡೋ ಮೂರೋ. ಮೂವತ್ತನೆಯದಕ್ಕೆ ಸಿಟ್ಟು ಇಳಿಯಿತು. ಇಷ್ಟು ದಿನ ನಾನು ದುಡ್ಡು ಕೊಟ್ಟು ಕೊಂಡು ತಂದದ್ದು ಔಷಧವನ್ನಲ್ಲ, ರೋಗವನ್ನೇ.

ಹೊರಗೆ ಬಂದರೆ ದುರ್ಗವ್ವ ಹೋಗಿಬಿಟ್ಟಿದ್ದಳು. ಅತ್ತೆಯವರು ಕಟ್ಟೆಯ ಮೇಲೆ ಚೆದುರಿದ್ದ ಉಂಡೆಗಳನ್ನು ಕೈಯಾಡಿಸಿ ತಡಕುತ್ತಿದ್ದರು. ಒಂದು ಉಂಡೆ ಅವರ ಮೊಣಕಾಲಿನ ಪಕ್ಕದಲ್ಲೇ, ಬಿಸಿಲಿನಲ್ಲಿ ಬಿದ್ದಿತ್ತು. ಅವರ ಕೈ ಅದರ ಆಚೆ ಈಚೆ ಸುಳಿದಾಡಿ ಖಾಲಿಯಾಗಿಯೇ ಮರಳಿತು. ನಾನು ಎತ್ತಿ ಕೊಟ್ಟೆ. "ಇಲ್ಲೇ ಇತ್ತೇನ?" ಎಂದು ಅವರು ನಕ್ಕರು. ನನ್ನಿಂದ ನಗಲಾಗಲಿಲ್ಲ. ಮರುದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ಅವರನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ.

ಕನ್ನಡಕ ಬಂದ ದಿನ ಅತ್ತೆಯವರು ಮನೆಯನ್ನೆಲ್ಲ ಸುತ್ತಿ ಜೇಡರ ಬಲೆ ಎಣಿಸಿದರು. ಅಕ್ಕಿಯಲ್ಲಿ ನಾನು ಬಿಟ್ಟಿದ್ದ ಹರಳುಗಳನ್ನು ಕಂಡುಹಿಡಿದರು. ಆಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಹಳ ಹೊತ್ತು ನೋಡಿ, "ಯವ್ವ, ಎಷ್ಟ ಸೊರಗೀಯ ನೀ! ಮುಂಜಾನಿ ರೊಟ್ಟಿ ತಿಂದು ಹೋಗ್ತೀಯೋ ಇಲ್ಲೋ?" ಎಂದು ಕೇಳಿದರು. ಕೂದಲಿನ ಸುದ್ದಿಯನ್ನೇ ಎತ್ತಲಿಲ್ಲ. ಇಷ್ಟು ಕಾಲ ನಾನು ಕನ್ನಡಿಯಲ್ಲಿ ಕಾಣದ್ದು ಅವರಿಗೆ ಆ ಎರಡು ಗಾಜಿನ ಮೂಲಕ ಕಂಡಿತ್ತು.

ಬಾಟಲಿಗಳನ್ನು ಒಂದೇ ದಿನ ಬಿಟ್ಟೆನೆಂದು ಹೇಳಿದರೆ ನೀವು ನಂಬಬೇಡಿ. ಸೀರಮ್ಮು ವಾರಕಾಲ ಕರೆಯಿತು. ಫೋನು ತೆರೆದರೆ ರಿಯಾಯಿತಿಗಳು ನೆಂಟರಂತೆ ವಿಚಾರಿಸಿಕೊಳ್ಳುತ್ತಿದ್ದವು. ಬಣ್ಣ ಬಿಟ್ಟಾಗ ಸ್ಟಾಫ್ ರೂಮಿನಲ್ಲಿ ಇಬ್ಬರು ಆರೋಗ್ಯ ವಿಚಾರಿಸಿದರು. ಆದರೂ ತಡೆದುಕೊಂಡೆ. ಮೂರು ತಿಂಗಳಲ್ಲಿ ಬಾಚಣಿಕೆ ಹಗುರಾಯಿತು. ಕೈಚೀಲ ಹಗುರಾಗುವುದು ನಿಂತಿತು. ಕಾಡು ಬೆಳೆಯಲಿಲ್ಲ ನಿಜ, ಇದ್ದ ಪೈರು ನಿಂತುಕೊಂಡಿತು.

ಈ ಬೇಸಿಗೆಯಲ್ಲಿ ದುರ್ಗವ್ವ ಮತ್ತೆ ಬಂದಳು. ಅತ್ತೆಯವರು ಡಬ್ಬಿ ತೆರೆದರು. ತಳದಲ್ಲಿ ಗೋಲಿಯಷ್ಟು ದೊಡ್ಡ ಉಂಡೆ ಒಂದೇ ಒಂದು. ಅವಳು ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು, "ಬೇರು ಅದಾವ್ರಿ. ಇದು ವಯಸ್ಸಿನ ಪಾಲು, ಹೋಗಲಿ ಬಿಡ್ರಿ," ಎಂದು ಸಮಾಧಾನದಿಂದ ತಲೆಯಾಡಿಸಿದಳು.

ಆಗ ನನಗೆ ಹೊಳೆಯಿತು, ಮೊದಲೇ ಹೊಳೆಯಬೇಕಾಗಿದ್ದದ್ದು. ನನ್ನ ಕೂದಲು ಮುರಿದಷ್ಟೂ ಅವಳ ಚೀಲ ತುಂಬುತ್ತಿತ್ತು. ಸುಮ್ಮನೆ ಹಾಕಿಕೊಂಡು ಹೋಗಿದ್ದರೆ ಕೇಳುವವರು ಯಾರಿದ್ದರು?

"ದುರ್ಗವ್ವ, ನನಗ ಬುದ್ಧಿ ಹೇಳಿ ನಿನ್ನ ಯಾಪಾರನೇ ಕೆಡಿಸ್ಕೊಂಡಿ ಅಲ್ಲ?"

ಅವಳು ಅತ್ತೆಯವರು ಕೊಟ್ಟ ಚಹಾವನ್ನು ಊದುತ್ತ, "ಊರ ತುಂಬ ತಲಿ ಅದಾವ್ರಿ ಅಕ್ಕಾರ. ನಿಮಗ ಇರೂದು ಒಂದ," ಎಂದಳು.

ನಾನು ಏನನ್ನಾದರೂ ಕೊಡಬೇಕೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಿದ್ದಳು. ಅವಳಿಗೆಂದು ತೆಗೆದ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ಬಂದೆ. ಪಕ್ಕದ ಮನೆಯ ಸೊಸೆ ಮಡಿಲ ತುಂಬ ಕೂದಲು ತಂದು ಅವಳ ಮುಂದೆ ಸುರಿಯುತ್ತಿದ್ದಳು. ದುರ್ಗವ್ವ ಒಂದೆಳೆಯನ್ನು ಬೆಳಕಿಗೆ ಎತ್ತಿ ಹಿಡಿದಳು, ಚೀಲದ ಬಾಯಿ ಮುಚ್ಚಿದಳು, ಆ ಹುಡುಗಿಯನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

"ಏನವ್ವ ತಂಗಿ," ಎಂದು ಕೇಳುತ್ತಿದ್ದಳು, "ಏನ ಹಚ್ಚಾಕತ್ತೀ?"