ಜಪಾನಿನ ಅಜ್ಜಿಯ ಹಗ್ಗ

ಮಲ್ಪೆಯ ಕಡಲಲ್ಲಿ ತಿಮಿಂಗಿಲದ ಕಿವಿ ಹಿಂಡಿದವನು ನಾನು, ಮಗ-ಸೊಸೆ ಇರುವ ಈ ಪರದೇಶದ ಜೂಟರ್‌ಮೀರ್‌ನ ಕೆರೆ ನನಗೆ ಯಾವ ಲೆಕ್ಕ? ದೋಣಿಯಲ್ಲಿ ಹೋಗುವಾಗ ಹೆಂಡತಿಯ ಕರಿಮಣಿ ಹರಿದು ನೀರಿಗೆ ಬಿತ್ತು. ಅವಳು ಅಳತೊಡಗಿದಳು, ನಾನು ಅಂಗಿ ಬಿಚ್ಚಿದೆ. ಸೊಸೆಯ ಜೊತೆ ದೋಣಿಯಲ್ಲಿದ್ದ ಅವಳ ಪಕ್ಕದ ಮನೆಯ ಜಪಾನಿನ ಅಜ್ಜಿ ನನ್ನ ಕೈ ಹಿಡಿದು ಏನೋ ಅಂದರು. ಸೊಸೆ ಅದನ್ನು ಕನ್ನಡದಲ್ಲಿ ಹೇಳಿದಳು.

"ಮಾವ, ಅವರ ಊರಲ್ಲಿ ಹಿಂದಿನಿಂದಲೂ ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯೋದು ಹೆಂಗಸರ ಕೆಲಸವಂತೆ. ಗಂಡ ದೋಣಿಯಲ್ಲಿ ಕೂತು ಹಗ್ಗ ಹಿಡೀಬೇಕಂತೆ."

"ಗಂಡಸು ಸುಮ್ಮನೆ ಕೂರೋದಾ?"

"ಸುಮ್ಮನೆ ಎಲ್ಲಿ? ಹಗ್ಗ ಜಗ್ಗಿದ ಕೂಡಲೇ ಎಳೀಬೇಕು. ತಡ ಮಾಡಿದರೆ ಹೆಂಡತಿ ಹೋದಳು ಅಂತಲೇ."

ಅಜ್ಜಿ ದೋಣಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟು ಮುಳುಗಿದರು. ಹಗ್ಗ ಜಗ್ಗಿತು, ಎಳೆದೆ. ಸಿಳ್ಳೆಯಂತೆ ಉಸಿರು ಬಿಡುತ್ತಾ ಮೇಲೆ ಬಂದವರ ಕೈಯಲ್ಲಿ ಕರಿಮಣಿ ಇತ್ತು.

ನಾನು ಎಳೆದ ರಭಸಕ್ಕೆ ಕೆರೆಯ ನೀರೇ ಮೊಳದಷ್ಟು ಇಳಿಯಿತು. ನೀರು ತಗ್ಗಿಸಲು ಈ ದೇಶದವರು ಸುಮ್ಮನೆ ಅಷ್ಟೊಂದು ಗಾಳಿಯಂತ್ರ ಕಟ್ಟಿಸಿಕೊಂಡಿದ್ದಾರೆ.