ಉರ್ಫ್ ಅನ್ನಪೂರ್ಣಾ

ಇವತ್ತು ಬೆಳಿಗ್ಗೆ ದಿನದ ಹಾಗೇ ಆಯಿತು. ನಲ್ಲಿಯಲ್ಲಿ ನೀರು ಬಂತು, ತುಂಬಿಸಿಕೊಂಡೆ. ಹಾಲು ಕಾಯಿಸಿದೆ. ಮಗಳು ಅವನಿಯನ್ನು ಎಬ್ಬಿಸಿದೆ, ಏಳಲಿಲ್ಲ, ಮತ್ತೆ ಎಬ್ಬಿಸಿದೆ. ಅವಳನ್ನು ಶಾಲೆಯ ರಿಕ್ಷಾ ಹತ್ತಿಸಿ ಬಂದೆ. ಥಾಣೆ ಊರಿನ ಕೋರ್ಟಿಗೆ ಹೋಗಿ ವಿಚ್ಛೇದನದ ತೀರ್ಪಿನ ಸರ್ಟಿಫೈಡ್ ಕಾಪಿ ತರುವುದಿತ್ತು. ಇನ್ನೂ ಹೊತ್ತಿದೆಯಲ್ಲ ಎಂದು ಪರಾತದಲ್ಲಿ, ಎಂದರೆ ಅಗಲವಾದ ತಾಟಿನಲ್ಲಿ, ಅಕ್ಕಿ ಹರವಿಕೊಂಡು ಕೂತೆ. ಡೊಂಬಿವಲಿಯ ಮಳೆಗಾಲಕ್ಕೆ ಮನುಷ್ಯರು ಒಗ್ಗಿಕೊಳ್ಳುತ್ತಾರೆ, ಅಕ್ಕಿ ಒಗ್ಗಿಕೊಳ್ಳುವುದಿಲ್ಲ, ಹುಳ ಬೀಳುತ್ತದೆ. ಬೆರಳಾಡಿಸುತ್ತ ಹೋದಂತೆ ಅಕ್ಕಿಯ ನಡುವೆ ಒಂದು ಗೆರೆ ಬಿತ್ತು. ನಿಮಗೆ ಹೇಗೋ ಗೊತ್ತಿಲ್ಲ, ಅಕ್ಕಿಯಲ್ಲಿ ಗೆರೆ ಕಂಡರೆ ನಾನು ತಕ್ಷಣ ಅಳಿಸಿಬಿಡುತ್ತೇನೆ. ಅದಕ್ಕೆ ಕಾರಣವಿದೆ.

ವಿಜಯಪುರದ ನಮ್ಮ ಜನರಲ್ಲಿ ಮದುವೆಯಾಗಿ ಬಂದವಳಿಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ಪರಾತದಲ್ಲಿ ಅಕ್ಕಿ ಹರವಿ, ಮದುಮಗ ಬಂಗಾರದ ಉಂಗುರದಿಂದ ಆ ಹೆಸರು ಬರೆಯುತ್ತಾನೆ. ನನಗೆ ಅತ್ತೆ ಆರಿಸಿದ ಹೆಸರು ಅನ್ನಪೂರ್ಣಾ. ನಾನು ಕಲ್ಯಾಣದ ಕಾನ್ವೆಂಟಿನಲ್ಲಿ ಓದಿದವಳು. ಆಗ ನನಗೆ ಬರುತ್ತಿದ್ದ ಅಡಿಗೆ ಎಂದರೆ ಬ್ರೆಡ್ಡಿಗೆ ಬೆಣ್ಣೆ ಸವರುವುದು, ಅದೂ ಅಂಚಿನವರೆಗೆ ನೀಟಾಗಿ. ಫೋಟೋದವನು ಸರಿಯಾಗಿ ಬರಲಿಲ್ಲ ಎಂದದ್ದರಿಂದ ನನ್ನ ಗಂಡ ಆ ಹೆಸರನ್ನು ಅಳಿಸಿ ಇನ್ನೊಮ್ಮೆ ಬರೆದರು. ಆಮೇಲೆ ಆ ಅಕ್ಕಿಯಿಂದ ಪಾಯಸ ಮಾಡಿದರು. ಬಂದವರೆಲ್ಲ ನನ್ನ ಹೆಸರು ಉಂಡು ಕೈತೊಳೆದರು.

ಹಾಗೆ ನೋಡಿದರೆ ಅದರಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ, ಯಾಕೆಂದರೆ ಆ ಹೆಸರಿನಿಂದ ಯಾರೂ ಕರೆಯಲೇ ಇಲ್ಲ. ಗಂಡ ಕರೆಯುತ್ತಿದ್ದುದು ‘ಏ’ ಎಂದು. ಅತ್ತೆ ಮಾತ್ರ, ಮನೆಗೆ ಮಂದಿ ಬಂದಾಗ, ‘ನಮ್ಮ ಅನ್ನಪೂರ್ಣಾ’ ಎನ್ನುತ್ತಿದ್ದರು. ನಾನು ಯಾರು ಬಂದರೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವೂ ಅಪ್ಪ ಇಟ್ಟ ಹೆಸರಿನಲ್ಲೇ ಉಳಿದವು. ಬದಲಾಯಿಸಬೇಕು ಎಂದು ಎಲ್ಲರೂ ಹೇಳುತ್ತಿದ್ದರು, ಮುಂದಿನ ತಿಂಗಳು. ಅವನಿ ಹುಟ್ಟಿದಾಗ ಆಸ್ಪತ್ರೆಯ ಫಾರ್ಮು ತುಂಬಿದವರು ಗಂಡ. ತಾಯಿಯ ಹೆಸರು ಏನು ಬರೆಯಲಿ ಎಂದು ತಮ್ಮ ತಾಯಿಯನ್ನು ಕೇಳಿದರಂತೆ. ನಾನು ಮಲಗಿದ್ದೆ. ಜನನ ಪ್ರಮಾಣಪತ್ರ ಕೈಗೆ ಬಂದಾಗ ತಾಯಿ ಅನ್ನಪೂರ್ಣಾ ಎಂದಿತ್ತು. ಇಂಗ್ಲಿಷ್ ಅಕ್ಷರಗಳೆಲ್ಲ ಸರಿಯಿವೆಯೇ ಎಂದು ನೋಡಿ ಎತ್ತಿಟ್ಟೆ.

ಮದುವೆ ಯಾಕೆ ಮುರಿಯಿತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅರ್ಜಿಯಲ್ಲಿ ನನ್ನ ವಕೀಲೆ ಸಾಠೆಬಾಯಿ ಅದನ್ನು ನನಗಿಂತ ಚೆನ್ನಾಗಿ ಬರೆದಿದ್ದಾರೆ. ಗಂಡ ಮತ್ತು ಅತ್ತೆ ನವಿ ಮುಂಬಯಿಯ ನೇರೂಳಿನಲ್ಲಿ ಉಳಿದರು, ನಾನು ಅವನಿಯನ್ನು ಕರೆದುಕೊಂಡು ಡೊಂಬಿವಲಿಯ ಬಾಡಿಗೆ ಮನೆಗೆ ಬಂದೆ. ದೀಪಾವಳಿ ರಜೆಗೆ ಅಪ್ಪನ ಮನೆಗೆ ಹೋದ ಅವನಿ ತಿರುಗಿ ಬರಲಿಲ್ಲ. ಅವಳನ್ನು ಅಲ್ಲೇ ಒಂದು ಶಾಲೆಗೆ ಸೇರಿಸಿದ್ದೇವೆ ಎಂದು ಫೋನಿಗೆ ಮೆಸೇಜು ಬಂತು.

ನಾನು ಡಬ್ಬಿಯಲ್ಲಿ ಅವಳಿಗೆ ಸೇರುವ ಶಾವಿಗೆ ಉಪ್ಪಿಟ್ಟು ತುಂಬಿಕೊಂಡು ಆ ಶಾಲೆಗೆ ಹೋದೆ. ಆಫೀಸಿನ ಗುಮಾಸ್ತ ಬಹಳ ಸಭ್ಯ. ಕುರ್ಚಿ ಕೊಟ್ಟ. ನನ್ನ ಆಧಾರ್ ನೋಡಿದ, ತನ್ನ ರಿಜಿಸ್ಟರು ನೋಡಿದ. ಈ ಮಗುವಿನ ತಾಯಿ ಅನ್ನಪೂರ್ಣಾ ಎಂಬವರು, ನೀವು ಯಾರು ಎಂದು ಹಿಂದಿಯಲ್ಲಿ ಕೇಳಿದ. ಅವಳು ನಾನೇ ಎಂದೆ. ಸ್ವಲ್ಪ ಯೋಚಿಸಿ, “ಹಾಗಾದರೆ ಅವರಿಂದ ಒಂದು ಪತ್ರ ತನ್ನಿ” ಎಂದ. ಡಬ್ಬಿ ವಾಪಸು ತಂದೆ. ಉಪ್ಪಿಟ್ಟು ಟ್ರೇನಿನಲ್ಲಿ ನಾನೇ ತಿಂದೆ.

ಸಾಠೆಬಾಯಿಯ ಆಫೀಸು ಥಾಣೆಯ ನೌಪಾಡಾದಲ್ಲಿ, ಒಂದು ಮಿಠಾಯಿ ಅಂಗಡಿಯ ಮೇಲೆ. ಈಗಲೂ ನನಗೆ ವಿಚ್ಛೇದನ ಎಂದರೆ ತುಪ್ಪದಲ್ಲಿ ಕರಿಯುವ ಜಿಲೇಬಿಯ ವಾಸನೆ. ವಿಚ್ಛೇದನಕ್ಕೊಂದು, ಜೀವನಾಂಶಕ್ಕೊಂದು, ಮಗುವಿಗೊಂದು ಅರ್ಜಿ ತಯಾರಾಯಿತು. ಉದ್ಯೋಗ ಎಂಬಲ್ಲಿ ಗೃಹಿಣಿ ಎಂದು ಬರೆದೆ. ಆದಾಯ ಎಂಬಲ್ಲಿ ಒಂದು ಗೆರೆ ಎಳೆದೆ, ಖಾಲಿ ಜಾಗ ಬಿಡಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಗಂಡನ ಕಡೆಯಿಂದ ಬಂದ ಜವಾಬಿನಲ್ಲಿ ಎಲ್ಲವನ್ನೂ ನಿರಾಕರಿಸಲಾಗಿತ್ತು. ನಾನು ಅವನಿಯ ತಾಯಿ ಎಂಬುದನ್ನು ಕೂಡ. ಇದು ವಕೀಲರ ಅಭ್ಯಾಸ, ಬೆಳಿಗ್ಗೆ ಸೂರ್ಯ ಬಂದ ಎಂದರೂ ಅಲ್ಲಗಳೆಯುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು ಸಾಠೆಬಾಯಿ. ಆದರೆ ಜನನ ಪ್ರಮಾಣಪತ್ರ ನೋಡಿದ ಮೇಲೆ ಅವರೇ ಮನಸ್ಸಿಗೆ ಹಚ್ಚಿಕೊಂಡರು. ಲಗ್ನಪತ್ರಿಕೆಯಲ್ಲಿ ನನ್ನ ತವರಿನ ಹೆಸರಿತ್ತು. ಮದುವೆಯ ಫೋಟೋದಲ್ಲಿ ಎಲ್ಲರ ಹಲ್ಲೂ ಕಾಣುತ್ತಿದ್ದವು, ಅಕ್ಕಿಯ ಮೇಲಿನ ಅಕ್ಷರ ಮಾತ್ರ ಗಂಡನ ಕೈಯ ಹಿಂದೆ ಅಡಗಿತ್ತು.

ಮುಂದಿನ ತಾರೀಕಿಗೆ ಮಗುವನ್ನು ಕರೆತರಬೇಕು ಎಂದು ನ್ಯಾಯಾಧೀಶರು ಹೇಳಿದ್ದರು. ಅವನಿ ಅಜ್ಜಿಯ ಕೈಹಿಡಿದು ಬಂದಳು. ಜಡೆ ಬಿಗಿಯಾಗಿತ್ತು, ಎಣ್ಣೆ ಜಾಸ್ತಿ. ಗಂಡನ ವಕೀಲರು ಎದ್ದು, ದಾಖಲೆಯ ಪ್ರಕಾರ ತಾಯಿ ಅನ್ನಪೂರ್ಣಾ, ಅರ್ಜಿದಾರಳು ಬೇರೆ ಎಂದರು. ನ್ಯಾಯಾಧೀಶರು ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ವಕೀಲರನ್ನು ಬಿಟ್ಟು ನಮ್ಮ ಅತ್ತೆಯ ಕಡೆ ತಿರುಗಿ ಮರಾಠಿಯಲ್ಲಿ, “ಆಜಿ, ಈ ಅನ್ನಪೂರ್ಣಾ ಯಾರು?” ಎಂದು ಕೇಳಿದರು.

ಅತ್ತೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ, ಬೆರಳು ಮಾತ್ರ ನನ್ನ ಕಡೆ ಮಾಡಿದರು. ಗಂಡ ಹಿಂದಿನಿಂದ ಅವರ ಸೆರಗು ಜಗ್ಗಿದರು. ಅತ್ತೆ ಕೋರ್ಟನ್ನು ಮರೆತು ಮಗನಿಗೆ ಕನ್ನಡದಲ್ಲಿ ಹೇಳಿದರು, “ಸೆರಗ ಬಿಡೋ. ನಾ ಆರಿಸಿದ ಹೆಸರದು. ನಮ್ಮ ಬಳಗದೊಳಗ ಯಾರೂ ಇಟ್ಟಿರಲಿಲ್ಲ ಅಂಥಾ ಹೆಸರ. ಎರಡೆರಡ ಸರ್ತಿ ಬರದಾಂವ ನೀನ. ಈಗ ಯಾರಂತ ಗೊತ್ತಿಲ್ಲ ಅಂದ್ರ, ನಾ ಏನ ಹಾದಿ ಮ್ಯಾಲಿನಾಕಿಗೆ ಹೆಸರಿಟ್ಟೇನ?”

ಕನ್ನಡ ಬರುವವರು ಅಲ್ಲಿ ನಾವು ಮೂವರೇ. ಮಗಳಿಗೂ ತಿಳಿಯುತ್ತದೆ, ಆದರೆ ಅವಳು ಹಿಂದಿಯಲ್ಲಿ ಉತ್ತರಿಸುವವಳು. ಅವಳೇ ಎದ್ದು ನಿಂತು, ದಾದಿ, ಎಂದರೆ ಅಜ್ಜಿ, ಹೇಳುತ್ತಿದ್ದಾಳೆ, ಮಮ್ಮಾಳ ಹೆಸರನ್ನು ದಾದಿಯೇ ಇಟ್ಟದ್ದಂತೆ, ಪಪ್ಪಾ ಬರೆದದ್ದಂತೆ ಎಂದಳು. ನ್ಯಾಯಾಧೀಶರು ಅತ್ತೆಯನ್ನು ಮರಾಠಿಯಲ್ಲಿ ಇನ್ನೊಮ್ಮೆ ಕೇಳಿದರು. ಅತ್ತೆ ಬರುವಷ್ಟು ಮರಾಠಿಯಲ್ಲಿ ಅದನ್ನೇ ಹೇಳಿದರು, ಬರೆದ ಹೇಳಿಕೆಯ ಕೆಳಗೆ ಸಹಿಯನ್ನೂ ಹಾಕಿದರು. ಕೇಸು ಮುಗಿಯುವವರೆಗೆ ಅವನಿ ನನ್ನ ಹತ್ತಿರ, ಭಾನುವಾರ ಅಪ್ಪನ ಹತ್ತಿರ ಎಂದು ಆದೇಶವಾಯಿತು.

ಹೊರಗೆ ವರಾಂಡದಲ್ಲಿ ಅತ್ತೆಗೆ ನಮಸ್ಕಾರ ಮಾಡಲು ಬಗ್ಗಿದೆ. ಅವರು ಕಾಲು ಹಿಂದೆ ತೆಗೆದುಕೊಂಡರು. “ನೀ ಛಲೋದಾಕಿ ಅಂತ ಹೇಳಿಲ್ಲ ನಾ,” ಎಂದರು. “ನಿನ್ನ ಮ್ಯಾಲಿನ ಸಿಟ್ಟು ಹಂಗ ಅದ.” ಅವನಿಯ ಚೀಲ ನನ್ನ ಕೈಗೆ ಕೊಟ್ಟು, ಅವಳು ಮೊಸರನ್ನಕ್ಕೆ ಸಕ್ಕರೆ ಕೇಳುತ್ತಾಳೆ, ಕೊಡಬೇಡ ಎಂದು ಹೇಳಿ ಮೆಟ್ಟಿಲಿಳಿದರು.

ಇದೆಲ್ಲ ಆಗಿ ಬಹಳ ಕಾಲವಾಯಿತು. ಹೋದ ತಿಂಗಳು ಕೊನೆಯ ತೀರ್ಪೂ ಬಂತು, ಅವನಿ ನನ್ನ ಹತ್ತಿರವೇ ಇರಬೇಕೆಂದು. ಇವತ್ತು ತಂದ ಕಾಪಿಯಲ್ಲಿ ನನ್ನ ಹೆಸರಿನ ಮುಂದೆ ‘ಉರ್ಫ್ ಅನ್ನಪೂರ್ಣಾ’ ಎಂದಿದೆ. ಮರಾಠಿ ಪೇಪರಿನಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದ ಗೂಂಡಾಗಳ ಹೆಸರಿನ ಮುಂದೆ ಉರ್ಫ್, ಎಂದರೆ ಅಲಿಯಾಸ್, ಇರುತ್ತದೆ. ಇಪ್ಪತ್ತೈದು ಸಲವಾದರೂ ಓದಿದೆ. ಯಾರೋ ಆ ಹೆಸರು ಹಿಡಿದು ಕರೆದಂತೆ ಆಯಿತು, ಮೊದಲ ಸಲ ನಾನು ಬಾಗಿಲ ಕಡೆ ನೋಡಲಿಲ್ಲ. ಆ ಹೆಸರು ನನ್ನಿಂದ ಏನನ್ನೂ ಕಸಿದುಕೊಂಡಿಲ್ಲ ಎಂದೂ ಅನ್ನಿಸಿತು.

ಸಂಜೆ ಕಾಪಿಯನ್ನು ಪ್ಲಾಸ್ಟಿಕ್ಕಿನ ಫೋಲ್ಡರಿಗೆ ಹಾಕುತ್ತಿದ್ದಾಗ ಬೆಲ್ಲಾಯಿತು. ಮೇಲಿನ ಮನೆಯ ಶೆಟ್ಟಿ ಆಂಟಿ, ಉಡುಪಿ ಕಡೆಯವರು, ಕೈಯಲ್ಲಿ ತರಕಾರಿ ಚೀಲ, ಏದುಸಿರು. ಅವನಿ ಆಟ ಮುಗಿಸಿ ಮೇಲೆ ಬಂದವಳು ಲಿಫ್ಟಿನ ಜಾಲರಿ ಬಾಗಿಲು ಎಳೆಯದೆ ಒಳಗೆ ಓಡಿದ್ದಳು. ಬಾಗಿಲು ಹಾಕದಿದ್ದರೆ ಲಿಫ್ಟು ಕೆಳಗೆ ಇಳಿಯುವುದಿಲ್ಲ. ಆಂಟಿ ನಾಲ್ಕು ಮಹಡಿ ಹತ್ತಿ ಬಂದಿದ್ದರು. ನಾನು ಕ್ಷಮೆ ಕೇಳುವಷ್ಟರಲ್ಲಿ ಅವರು ಲಿಫ್ಟಿನ ಬಾಗಿಲನ್ನು ಧಡಾರನೆ ಎಳೆದು ಹಾಕಿ, ಉಳಿದ ಮೆಟ್ಟಿಲನ್ನು ಹತ್ತುತ್ತಲೇ ಹೇಳಿದರು:

“ನೀವು ಸಹ ಬಾಗಿಲು ಹೀಗೇ ಬಿಟ್ಟು ಹೋಗುದಲ್ವಾ ಮಾರಾಯ್ರೆ. ನಿಮ್ಮದೇ ಮಗಳು ಅಂತ ಹೇಳ್ಲಿಕ್ಕೆ ಯಾರನ್ನೂ ಕೇಳ್ಲಿಕ್ಕಿಲ್ಲ.”